ಚಳಿಗಾಲದ ಬೆಟ್ಟದ ಹಾದಿಯಲ್ಲಿ ಜಾರುಬಂಡಿ: ಆಲ್ಪ್ಸ್‌ಗೆ ಹೊರಟವರಿಗೊಂದು ಸಮಗ್ರ ಮಾರ್ಗದರ್ಶಿ

ಕುಫ್ರಿಯಲ್ಲೋ ಸೋಲಂಗ್ ಕಣಿವೆಯಲ್ಲೋ ಮೊದಲ ಸಲ ಹಿಮ ಕಂಡ ನಮ್ಮವರಿಗೆ ಜಾರುಬಂಡಿಯ ಪರಿಚಯ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಮರದ ಹಲಗೆಯ ಮೇಲೆ ನಾವು ಕೂರುತ್ತೇವೆ, ಸ್ಥಳೀಯರೊಬ್ಬರು ಹಗ್ಗ ಹಿಡಿದು ಎಳೆಯುತ್ತಾರೆ, ಇಳಿಜಾರಿನಲ್ಲಿ ಬಂಡಿಯನ್ನು ಹತೋಟಿಯಲ್ಲಿಡುವ ಹೊಣೆಯೂ ಅವರದೇ ಆಗಿರುತ್ತದೆ. ಆಲ್ಪ್ಸ್ ಪರ್ವತದ ಹಾದಿಗಳಿಗೆ ಇಳಿದಾಗ ಆ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ. ಕಿಲೋಮೀಟರ್‌ಗಟ್ಟಲೆ ಇಳಿಜಾರು, ಒಂದರ ಹಿಂದೊಂದು ತಿರುವು, ಹಿಂದೆ ಮುಂದೆ ಬೇರೆಯವರ ಬಂಡಿಗಳು. ಬ್ರೇಕ್ ಎಂದು ನಂಬಿಕೊಳ್ಳಲು ನಮ್ಮ ಕಾಲಿನ ಎರಡು ಬೂಟುಗಳು ಮಾತ್ರ. ಕೆಲವು ಚಳಿಗಾಲಗಳನ್ನು ಅಲ್ಲಿ ಕಳೆದ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಜಾರುವುದು ತಾನಾಗಿಯೇ ಬರುತ್ತದೆ, ನಿಲ್ಲಿಸುವುದನ್ನು ಮಾತ್ರ ಕಲಿಯಬೇಕು, ಅದನ್ನೂ ಹಾದಿಗೆ ಇಳಿಯುವ ಮೊದಲೇ ಕಲಿಯಬೇಕು. ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಹಾದಿಯ ಆಯ್ಕೆ

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಹೆಸರು ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡನ್ ಪ್ರಾಂತ್ಯದ ಪ್ರೇಡಾ–ಬೆರ್ಗ್ಯೂನ್ ಹಾದಿ. ಬೇಸಿಗೆಯಲ್ಲಿ ಕಾರು, ಬೈಕುಗಳು ಓಡಾಡುವ ಆಲ್ಬುಲಾ ಘಾಟಿ ರಸ್ತೆಯನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ. ಅದರ ಒಂದು ಭಾಗದ ಮೇಲೆ ಬಿದ್ದ ಹಿಮವನ್ನು ಯಂತ್ರದಿಂದ ಒತ್ತಿ ಹದಮಾಡಿ ಜಾರುಬಂಡಿಗೆ ಬಿಟ್ಟುಕೊಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,790 ಮೀಟರ್ ಎತ್ತರದ ಪ್ರೇಡಾದಿಂದ 1,370 ಮೀಟರ್ ಎತ್ತರದ ಬೆರ್ಗ್ಯೂನ್‌ವರೆಗೆ ಹಾದಿಯ ಉದ್ದ 6 ಕಿಲೋಮೀಟರ್. ಅಂದರೆ ಪ್ರತಿ ನೂರು ಮೀಟರಿಗೆ ಸರಾಸರಿ ಏಳು ಮೀಟರ್ ಇಳಿಯುತ್ತೇವೆ. ವಾಹನಗಳಿಗೆಂದು ಮಾಡಿದ ರಸ್ತೆಯಾದ್ದರಿಂದ ಅಗಲವಾಗಿದೆ, ಇಳಿಜಾರೂ ಏಕಾಏಕಿ ಬದಲಾಗುವುದಿಲ್ಲ. ಹೊಸಬರಿಗೆ ಈ ಎರಡು ಗುಣಗಳೇ ಮುಖ್ಯ.

ಮೇಲಕ್ಕೆ ಹೋಗಲು ರೈಲು ಇದೆ. ರೇಟಿಯನ್ ರೈಲ್ವೆಯ ಕೆಂಪು ಗಾಡಿಗಳು ಬೆರ್ಗ್ಯೂನ್‌ನಿಂದ ಪ್ರೇಡಾಕ್ಕೆ ಹತ್ತುವ ಬಗೆಯನ್ನು ನೋಡಲೆಂದೇ ಜನ ಬರುತ್ತಾರೆ. ಕಡಿದಾದ ಕಣಿವೆಯಲ್ಲಿ 400 ಮೀಟರಿಗೂ ಹೆಚ್ಚು ಏರಬೇಕಾದ್ದರಿಂದ, 1903ರಲ್ಲಿ ತೆರೆದ ಈ ಮಾರ್ಗವನ್ನು ಬೆಟ್ಟದೊಳಗೆ ಸುರುಳಿ ಸುತ್ತುವ ಸುರಂಗಗಳು ಮತ್ತು ಕಮಾನು ಸೇತುವೆಗಳ ಮೂಲಕ ತಿರುಗಿಸಿ, ದೂರವನ್ನು ಸುಮಾರು 12 ಕಿಲೋಮೀಟರಿಗೆ ಹಿಗ್ಗಿಸಿದ್ದಾರೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂಡಿಯಲ್ಲಿ ಇಳಿಯುವಾಗ ಅದೇ ಸೇತುವೆಗಳ ಕೆಳಗೆ ಹಾದುಹೋಗುತ್ತೇವೆ. ನೆತ್ತಿಯ ಮೇಲೆ ರೈಲು ಸಾಗುವುದನ್ನು ಕಾಣಬೇಕೆಂದಿದ್ದರೆ ಬದಿಗೆ ನಿಂತು ನೋಡಿ, ಓಡುವ ಬಂಡಿಯಿಂದ ತಲೆ ಎತ್ತಬೇಡಿ. ಜ್ಯೂರಿಕ್‌ನಲ್ಲಿ ನೆಲೆಸಿರುವ ಕನ್ನಡಿಗರು ಕೂರ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ಮೂರು ಗಂಟೆಯೊಳಗೆ ಬೆರ್ಗ್ಯೂನ್ ತಲುಪಬಹುದು. ಬೆಳಿಗ್ಗೆ ಹೊರಟರೆ ಮೂರು ನಾಲ್ಕು ಸುತ್ತು ಇಳಿದು ರಾತ್ರಿ ಊಟಕ್ಕೆ ಮನೆಗೆ ಮರಳುವುದು ಸಾಧ್ಯ.

ಬೆರ್ಗ್ಯೂನ್‌ನಲ್ಲೇ ದಾರ್ಲುಕ್ಸ್ ಎಂಬ ಇನ್ನೊಂದು ಹಾದಿಯಿದೆ. ಅದು ಹೆಚ್ಚು ಕಡಿದು, ತಿರುವುಗಳೂ ಬಿಗಿಯಾಗಿವೆ. ಪ್ರೇಡಾ ಹಾದಿಯಲ್ಲಿ ಎರಡು ಮೂರು ಸಲ ನೆಮ್ಮದಿಯಾಗಿ ಇಳಿದವರು ಮಾತ್ರ ಅದರ ಯೋಚನೆ ಮಾಡಲಿ. ಇನ್ನು ಗ್ರಿಂಡೆಲ್ವಾಲ್ಡ್‌ನಲ್ಲಿ, 2,681 ಮೀಟರ್ ಎತ್ತರದ ಫೌಲ್‌ಹಾರ್ನ್ ಶಿಖರದಿಂದ ಬುಸ್ಸಾಲ್ಪ್ ಮಾರ್ಗವಾಗಿ ಊರಿನವರೆಗೆ ಇಳಿಯುವ 15 ಕಿಲೋಮೀಟರ್ ಹಾದಿ ಬಹು ಪ್ರಸಿದ್ಧ. ಆದರೆ ಫಸ್ಟ್ ಎಂಬಲ್ಲಿಗೆ ಕೇಬಲ್ ಕಾರಿನಲ್ಲಿ ಹೋಗಿ, ಅಲ್ಲಿಂದ ಬಂಡಿಯನ್ನು ಎಳೆದುಕೊಂಡು ಸುಮಾರು ಎರಡೂವರೆ ಗಂಟೆ ಹಿಮದಲ್ಲಿ ಏರಿದ ಮೇಲಷ್ಟೇ ಅದು ಆರಂಭವಾಗುತ್ತದೆ. ಫೋಟೋ ನೋಡಿ ಮರುಳಾಗಿ ನೇರವಾಗಿ ಅಲ್ಲಿಗೆ ಹೋಗುವುದು ಸರಿಯಲ್ಲ.

ಯಾವ ಊರಿಗೇ ಹೋದರೂ ಜಾರುಬಂಡಿಗೆಂದು ಗುರುತು ಹಾಕಿದ ಹಾದಿಯಲ್ಲೇ ಇಳಿಯಬೇಕು. ಸ್ಕೀ ಇಳಿಜಾರುಗಳು ನಿಮಗಲ್ಲ. ಅಲ್ಲಿನ ವೇಗವೂ ಸಾಗುವ ದಿಕ್ಕೂ ಬೇರೆ. ಗುರುತಿಲ್ಲದ ಕಾಡುದಾರಿ ಚೆಂದ ಕಂಡರೂ ಅದರ ಕೊನೆಯಲ್ಲಿ ಬೇಲಿಯಿದೆಯೋ ಹಳ್ಳವಿದೆಯೋ ಎಂಬುದು ಮೇಲಿನಿಂದ ಕಾಣುವುದಿಲ್ಲ.

ಹಿಂದಿನ ದಿನವೇ ಮುಗಿಸಬೇಕಾದ ಕೆಲಸ

ಹಾದಿ ತೆರೆದಿದೆಯೇ ಎಂಬುದನ್ನು ಊರಿನ ಪ್ರವಾಸಿ ಮಾಹಿತಿ ಪುಟದಲ್ಲಿ ನೋಡಿಕೊಳ್ಳಿ. ಹಿಮ ಸಾಲದೆ ಮುಚ್ಚುವುದುಂಟು, ಹಿಮ ಅತಿಯಾಗಿ ಹಿಮಕುಸಿತದ ಭೀತಿಯಿಂದಲೂ ಮುಚ್ಚುವುದುಂಟು. ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆಯು ಚಳಿಗಾಲದಲ್ಲಿ ಪ್ರತಿ ಸಂಜೆ 5 ಗಂಟೆಗೆ ಪ್ರಕಟಿಸುವ ಮುನ್ಸೂಚನೆಯಲ್ಲಿ ಅಪಾಯವನ್ನು 1ರಿಂದ 5ರವರೆಗಿನ ಹಂತಗಳಲ್ಲಿ ತಿಳಿಸುತ್ತಾರೆ. ತೆರೆದಿರುವ ಹಾದಿಯ ಸುರಕ್ಷತೆಯನ್ನು ಅದನ್ನು ನಡೆಸುವವರು ನೋಡಿಕೊಳ್ಳುತ್ತಾರೆ. ಆದರೆ ಮುಚ್ಚಿದ ಫಲಕವನ್ನು ದಾಟಿದವರಿಗೆ, ಫೋಟೋಗಾಗಿ ಪಕ್ಕದ ಇಳಿಜಾರಿಗೆ ಇಳಿದವರಿಗೆ ಆ ರಕ್ಷಣೆ ಇರುವುದಿಲ್ಲ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹಿಮದ ಪದರ ಕಳಚಿಕೊಳ್ಳಲು ಒಬ್ಬ ಮನುಷ್ಯನ ಭಾರವೇ ಸಾಕಾಗಬಹುದು.

ಹವಾಮಾನದಲ್ಲಿ ಗಮನಿಸಬೇಕಾದ್ದು ಬರಿಯ ಚಳಿಯನ್ನಲ್ಲ, ಹಿಂದಿನ ಎರಡು ದಿನಗಳ ಬಿಸಿಲನ್ನು. ಮಧ್ಯಾಹ್ನ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಿಮ ಮರುದಿನ ಬೆಳಿಗ್ಗೆ ಗಾಜಿನಂತಿರುತ್ತದೆ. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿನ ಕೊರೆಯುವ ಚಳಿಯಲ್ಲಿ ಬಿದ್ದ ಹೊಸ ಹಿಮದ ಮೇಲಾದರೋ ಬಂಡಿ ಅಷ್ಟು ಸಲೀಸಾಗಿ ಓಡುವುದಿಲ್ಲ, ಏಕೆಂದರೆ ಆ ಹರಳುಗಳು ಚೂಪಾಗಿ, ಉಸುಕಿನಂತೆ ತಡೆಯುತ್ತವೆ. ಹೊಸಬರಿಗೆ ತಕ್ಕ ದಿನ ಅದೇ.

ಭಾರತದಿಂದ ಪ್ರವಾಸಕ್ಕೆ ಬರುವವರು ತಮ್ಮ ಪ್ರಯಾಣ ವಿಮೆಯಲ್ಲಿ ಚಳಿಗಾಲದ ಕ್ರೀಡೆಗಳೂ ಬೆಟ್ಟದಿಂದ ರಕ್ಷಿಸಿ ತರುವ ವೆಚ್ಚವೂ ಸೇರಿವೆಯೇ ಎಂದು ಓದಿ ನೋಡಲೇಬೇಕು. ಹೆಲಿಕಾಪ್ಟರ್ ಬರಬೇಕಾದರೆ ಬಿಲ್ಲು ಸಾವಿರಾರು ಫ್ರಾಂಕ್ ಆಗುತ್ತದೆ.

ಬಂಡಿ

ಬಂಡಿಗಳು ಊರಿನಲ್ಲೇ ಬಾಡಿಗೆಗೆ ಸಿಗುತ್ತವೆ. ಮುಖ್ಯವಾಗಿ ಎರಡು ಬಗೆ. ಮೊದಲನೆಯದು ದಾವೋಸ್ ಬಂಡಿ: ಆ್ಯಶ್ ಮರದ ಗಟ್ಟಿ ಚೌಕಟ್ಟು, ಕೂರಲು ಉದ್ದುದ್ದದ ಪಟ್ಟಿಗಳು, ಕೆಳಗೆ ಉಕ್ಕಿನ ತಗಡು ಹೊಡೆದ ಎರಡು ಜಾರುಪಟ್ಟಿಗಳು. 1883ರ ಫೆಬ್ರುವರಿಯಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ಗೆ ಇಳಿಯುವ ರಸ್ತೆಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿಯೂ ಕ್ಲೋಸ್ಟರ್ಸ್‌ನ ಅಂಚೆಯವನೂ ಸಮಸಮನಾಗಿ ಗೆದ್ದರು. ದಿನವೂ ಕಾಗದ ಹಂಚಲು ಬಂಡಿ ಬಳಸುವ ಮನುಷ್ಯನೊಬ್ಬ ಹೀಗೆ ಗೆದ್ದದ್ದು ನನಗೆ ಇಂದಿಗೂ ಇಷ್ಟದ ಸಂಗತಿ. ಮಲೆನಾಡಿನ ಯಾವ ಅಂಚೆಯಣ್ಣನಿಗೂ ತನ್ನ ಹಾದಿ ಅಷ್ಟೇ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ರೋಡೆಲ್. ನೋಟಕ್ಕೆ ದಾವೋಸ್ ಬಂಡಿಯಂತೆಯೇ ಇದ್ದರೂ ಇದರ ಜಾರುಪಟ್ಟಿಗಳನ್ನು ಓರೆಯಾಗಿ ಕೂರಿಸಿರುತ್ತಾರೆ, ಆದ್ದರಿಂದ ಒಳ ಅಂಚು ಮಾತ್ರ ಹಿಮವನ್ನು ಕಚ್ಚುತ್ತದೆ. ಕೀಲುಗಳು ತುಸು ಬಾಗುತ್ತವೆ. ಕೂರಲು ಪಟ್ಟಿಯ ಬದಲು ಬಟ್ಟೆಯ ಹಾಸು ಇರುತ್ತದೆ. ಇದನ್ನು ಮೈ ಮತ್ತು ಕಾಲಿನಿಂದ ತಿರುಗಿಸಬಹುದು. ಬಾಡಿಗೆ ಅಂಗಡಿಯಲ್ಲಿ ಎರಡೂ ಇದ್ದರೆ ರೋಡೆಲ್ ಕೇಳಿ. ಕೈಬ್ರೇಕ್ ಇರುವ ಪ್ಲಾಸ್ಟಿಕ್ ಬಂಡಿಗಳು ಮಕ್ಕಳ ಸಣ್ಣ ದಿಬ್ಬಗಳಿಗೆ ಸರಿ. ಗಟ್ಟಿ ಮಂಜಿನ ಮೇಲೆ ಆ ಬ್ರೇಕಿನ ಹಲ್ಲುಗಳು ಹಿಡಿಯುವುದಿಲ್ಲ. ತಟ್ಟೆಯಾಕಾರದವುಗಳನ್ನಂತೂ ಬೆಟ್ಟದ ಹಾದಿಗೆ ತರಲೇಬಾರದು, ಅವು ಗಿರ್ರನೆ ತಿರುಗಿ ನಿಮ್ಮನ್ನು ಹಿಮ್ಮುಖವಾಗಿ ಒಯ್ಯುತ್ತವೆ.

ಬಂಡಿಯನ್ನು ಕೈಗೆ ತೆಗೆದುಕೊಂಡಾಗ ತಲೆಕೆಳಗಾಗಿ ಹಿಡಿದು ಜಾರುಪಟ್ಟಿಯ ಉಕ್ಕಿನ ಮೇಲೆ ಬೆರಳಾಡಿಸಿ ನೋಡಿ. ತುಕ್ಕಿನ ಒರಟು ಸಿಗಬಾರದು, ತಿರುಪು ಎದ್ದಿರಬಾರದು. ಮುಂದಿನ ಹಗ್ಗ ಗಟ್ಟಿಯಾಗಿರಬೇಕು, ಆದರೆ ಜೋಲಾಡಿ ಜಾರುಪಟ್ಟಿಯ ಅಡಿಗೆ ಸಿಗುವಷ್ಟು ಉದ್ದವಿರಬಾರದು.

ಉಡುಪು

ಒಳಗೆ ಬೆವರು ಹೀರುವ ಉಣ್ಣೆಯ ಅಥವಾ ಕೃತಕ ನೂಲಿನ ಉಡುಪು, ಅದರ ಮೇಲೆ ಬೆಚ್ಚನೆಯದೊಂದು, ಹೊರಗೆ ನೀರು ಒಳಬಿಡದ ಜಾಕೆಟ್ ಮತ್ತು ಪ್ಯಾಂಟು. ಜೀನ್ಸ್ ತೊಟ್ಟು ಬಂದವರು ಒಂದು ಸುತ್ತು ಇಳಿಯುವಷ್ಟರಲ್ಲಿ ಒದ್ದೆಯಾಗಿ ನಡುಗುತ್ತಾರೆ. ಸ್ಕೀ ಹೆಲ್ಮೆಟ್ ಬೇಕೇ ಬೇಕು. ಕನ್ನಡಕದಂಥ ಮುಖಗವಚವನ್ನೂ ಮರೆಯಬೇಡಿ, ಏಕೆಂದರೆ ಬ್ರೇಕ್ ಹಾಕಿದಾಗ ಬೂಟಿನಿಂದ ಚಿಮ್ಮುವ ಹಿಮ ನೇರವಾಗಿ ಕಣ್ಣಿಗೇ ಬರುತ್ತದೆ. ಯಾವಾಗ ಕಣ್ಣು ಅಗತ್ಯವೋ ಆಗಲೇ ಕುರುಡರಾಗುತ್ತೇವೆ. ದುಪಟ್ಟಾ, ಉದ್ದನೆಯ ಶಾಲು, ಇಳಿಬಿದ್ದ ಮಫ್ಲರ್ ಜಾರುಪಟ್ಟಿಯ ಅಡಿಗೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಕತ್ತಿನ ಸುತ್ತ ಬಿಗಿಯಾಗಿ ಕೂರುವ ಕೊಳವೆಯಂಥ ಬಟ್ಟೆ ಸಾಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಬೂಟಿನ ಬಗ್ಗೆ. ಅದು ಕಣಕಾಲನ್ನು ಮುಚ್ಚಬೇಕು, ಅಡಿಭಾಗದಲ್ಲಿ ಆಳವಾದ ಗೀರುಗಳಿರಬೇಕು. ಓಡುವ ಶೂಗಳಲ್ಲಿ ಬಂದವರನ್ನು ನಾನು ಮೇಲೆಯೇ ತಡೆದು, ರೈಲಿನಲ್ಲಿ ವಾಪಸ್ ಕಳಿಸಿದ್ದೇನೆ. ಅವರಿಗೆ ಬೇಸರವಾಯಿತು, ಆದರೂ ಮತ್ತೊಮ್ಮೆ ಹಾಗೆ ಬಂದವರನ್ನು ಹಾಗೆಯೇ ಕಳಿಸುತ್ತೇನೆ.

ನಿಲ್ಲಿಸುವುದನ್ನು ಕಲಿಯುವುದು

ಪ್ರೇಡಾದಲ್ಲಿ ರೈಲು ಇಳಿದೊಡನೆ ಎಲ್ಲರೂ ಒಟ್ಟಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಆ ಗುಂಪು ಹೋಗಲು ಬಿಡಿ. ಹದಿನೈದು ನಿಮಿಷವನ್ನು ಅಭ್ಯಾಸಕ್ಕಿಡಿ. ಇಳಿಜಾರು ಅಷ್ಟಾಗಿ ಇಲ್ಲದ ಕಡೆ ಬದಿಗೆ ಸರಿದು ಐದಾರು ಸಲ ಹೊರಟು ನಿಲ್ಲಿಸಿ ನೋಡಿ.

ಕೂರುವ ಭಂಗಿ ಹೀಗೆ: ಬಂಡಿಯ ನಡುವಿಗಿಂತ ತುಸು ಹಿಂದೆ ಕುಳಿತು, ಬೆನ್ನನ್ನು ಕೊಂಚ ಹಿಂದಕ್ಕೆ ಒರಗಿಸಿ, ಹಗ್ಗವನ್ನು ಮೋಟಾಗಿ ಹಿಡಿಯಬೇಕು. ಕಾಲುಗಳು ಬಂಡಿಯ ಎರಡೂ ಪಕ್ಕದಲ್ಲಿ, ಜಾರುಪಟ್ಟಿಯ ಹೊರಗೆ, ಮಂಡಿ ಸ್ವಲ್ಪ ಬಾಗಿರಬೇಕು. ಪಾದ ಎಂದಿಗೂ ಜಾರುಪಟ್ಟಿಯ ಮೂತಿಯ ಮುಂದೆ ಹೋಗಕೂಡದು. ಹೊಟ್ಟೆಯ ಮೇಲೆ ಮಲಗಿ ತಲೆ ಮುಂದಾಗಿ ಇಳಿಯುವುದು ಮಕ್ಕಳಿಗೂ ದೊಡ್ಡವರಿಗೂ ನಿಷಿದ್ಧ ಎಂದೇ ತಿಳಿಯಿರಿ. ಹಾಗೆ ಹೋದರೆ ಏನಕ್ಕೇ ಬಡಿದರೂ ಮೊದಲು ಬಡಿಯುವುದು ತಲೆ.

ವೇಗ ತಗ್ಗಿಸಬೇಕಾದಾಗ ಎರಡೂ ಪಾದಗಳ ಪೂರ್ತಿ ಅಡಿಯನ್ನು ಒಟ್ಟಿಗೆ, ಸಮವಾಗಿ, ಬಂಡಿಯ ಪಕ್ಕದ ಹಿಮದ ಮೇಲೆ ಇಟ್ಟು ನಿಧಾನವಾಗಿ ಒತ್ತಬೇಕು. ಇಲ್ಲಿ ಹೊಸಬರೆಲ್ಲರೂ ಮಾಡುವ ತಪ್ಪೆಂದರೆ ಹಿಮ್ಮಡಿ ಊರುವುದು. ನಾನೂ ಅದನ್ನೇ ಮಾಡಿದ್ದೆ. ನನ್ನ ಮೊದಲ ಚಳಿಗಾಲದಲ್ಲಿ, ಮೂರನೆಯ ತಿರುವಿಗೆ ಬಂಡಿ ಓಡಿದ ವೇಗಕ್ಕೆ ಗಾಬರಿಯಾಗಿ ಬಲಗಾಲಿನ ಹಿಮ್ಮಡಿಯನ್ನು ಹಿಮಕ್ಕೆ ಚುಚ್ಚಿದೆ. ಹಿಮ್ಮಡಿ ಒಂದು ಗಟ್ಟಿ ಗೆರೆಗೆ ಸಿಕ್ಕಿ ನಿಂತಿತು, ಬಂಡಿ ನಿಲ್ಲಲಿಲ್ಲ. ಕಾಲು ಅಲ್ಲೇ, ಮೈ ಮುಂದೆ. ಮಂಡಿ ತಿರುಚಿ, ಬಂಡಿ ಅಡ್ಡಲಾಗಿ, ರಸ್ತೆಯಂಚಿನ ಹಿಮದ ದಿಂಡಿಗೆ ಹೋಗಿ ಬಿದ್ದೆ. ಮೂರು ವಾರ ಮೆಟ್ಟಿಲು ಹತ್ತುವಾಗಲೆಲ್ಲ ಆ ತಿರುವು ನೆನಪಾಗುತ್ತಿತ್ತು. ಅಡಿಪಾದ ಪೂರ್ತಿ ಚಪ್ಪಟೆಯಾಗಿ ಊರಿದರೆ ಕಾಲು ಸಿಕ್ಕಿಕೊಳ್ಳುವುದಿಲ್ಲ, ಹಿಮವನ್ನು ಕೆರೆಯುತ್ತಾ ಬಂಡಿಯೊಂದಿಗೇ ಸಾಗುತ್ತದೆ. ಆ ಕೆರೆತವೇ ಬ್ರೇಕು.

ತುರ್ತಾಗಿ ನಿಲ್ಲಿಸಬೇಕಾದರೆ ಅಡಿಪಾದಗಳನ್ನು ಚಪ್ಪಟೆಯಾಗಿ ಒತ್ತಿರುವಾಗಲೇ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ಬಂಡಿಯ ಮೂತಿಯನ್ನು ಮೇಲಕ್ಕೆತ್ತಿ. ಮೂತಿ ಎದ್ದಾಗ ಜಾರುಪಟ್ಟಿಯ ಹಿಂಭಾಗದ ತುದಿಗಳು ಹಿಮಕ್ಕೆ ನಾಟುತ್ತವೆ. ಇದನ್ನು ಅಭ್ಯಾಸದ ಜಾಗದಲ್ಲಿ ಕನಿಷ್ಠ ಮೂರು ಸಲ ಮಾಡಿ ನೋಡಿ. ಗಾಬರಿಯಲ್ಲಿ ಕೈಗೆ ಬರುವುದು ಮೊದಲೇ ರೂಢಿಯಾದದ್ದು ಮಾತ್ರ.

ವೇಗದ ಲೆಕ್ಕವೊಂದನ್ನು ಮನಸ್ಸಿನಲ್ಲಿಡಿ. ಒಂದೇ ಹಿಮದ ಮೇಲೆ, ಒಂದೇ ಬಲದಲ್ಲಿ ಬ್ರೇಕ್ ಹಾಕಿದರೂ ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಐದು ಮೀಟರಿನಲ್ಲಿ ನಿಲ್ಲಬಲ್ಲವರಿಗೆ 30ರ ವೇಗದಲ್ಲಿ ಇಪ್ಪತ್ತು ಮೀಟರ್ ಬೇಕು. ಹೊಸಬರಿಗೆ ಬಂಡಿಯ ವೇಗ ಏರಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ನೇರ ಹಾದಿಯಲ್ಲೂ ಆಗಾಗ ಪಾದ ತಾಗಿಸಿ ವೇಗವನ್ನು ಅಂಕೆಯಲ್ಲಿಡಬೇಕು.

ಜಾರುಪಟ್ಟಿಯ ಸದ್ದನ್ನೂ ಕೇಳಿಸಿಕೊಳ್ಳುವುದನ್ನು ಕಲಿಯಿರಿ. ಹದವಾದ ಹಿಮದ ಮೇಲೆ ಅದು ರೇಷ್ಮೆ ಎಳೆದಂತೆ ಸುಯ್ಯೆನ್ನುತ್ತದೆ. ಮಂಜುಗಡ್ಡೆಯ ತೇಪೆ ಬಂದೊಡನೆ ಸದ್ದು ಒಣಗಿ ಕಟಕಟನೆ ಗಡಸಾಗುತ್ತದೆ, ಬಂಡಿ ಕೂತಲ್ಲೇ ಅದುರುತ್ತದೆ. ಅಂಥ ತೇಪೆಯ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಒಂದು ಪಾದ ಹಿಡಿದು ಇನ್ನೊಂದು ಜಾರಿದರೆ ಬಂಡಿ ಅಡ್ಡ ತಿರುಗುತ್ತದೆ. ನೇರವಾಗಿ ದಾಟಿ, ಮತ್ತೆ ಮೆತ್ತನೆಯ ಸದ್ದು ಬಂದಾಗ ಒತ್ತಿ. ರಾತ್ರಿ ದೀಪದ ಬೆಳಕಿನಲ್ಲಿ ಇಳಿಯುವಾಗ ಮರದ ನೆರಳಿನಡಿ ಮಂಜುಗಡ್ಡೆ ಕಾಣುವುದೇ ಇಲ್ಲ, ಆಗ ಕಿವಿಯೇ ದಾರಿ ತೋರಿಸುತ್ತದೆ.

ತಿರುವು

ತಿರುವಿಗೆ ಬರುವ ಮೊದಲೇ ವೇಗ ಇಳಿದಿರಬೇಕು. ತಿರುವಿನೊಳಗೆ ಬ್ರೇಕ್ ಹಾಕಿದವರು ಹೊರ ಅಂಚಿಗೆ ಹೋಗುತ್ತಾರೆ. ದಾವೋಸ್ ಬಂಡಿಯಾದರೆ ಎಡಕ್ಕೆ ತಿರುಗಲು ಎಡ ಪಾದವನ್ನು ಹಿಮಕ್ಕೆ ಒತ್ತಿ, ಮೈಯನ್ನು ಎಡಕ್ಕೆ ವಾಲಿಸಿ. ರೋಡೆಲ್ ಆದರೆ ಎಡಕ್ಕೆ ತಿರುಗುವಾಗ ಬಲಗಾಲಿನ ಒಳಭಾಗದಿಂದ ಬಲ ಜಾರುಪಟ್ಟಿಯ ಮೂತಿಯನ್ನು ಒಳಕ್ಕೆ ಒತ್ತಿ, ಎಡಗೈಯಿಂದ ಎಡ ಹಗ್ಗವನ್ನು ಎಳೆದು, ಭಾರವನ್ನು ಎಡಕ್ಕೆ ಹಾಕಬೇಕು. ಮೂರೂ ಒಟ್ಟಿಗೆ ಕೂಡಿ ಬಂದಾಗ ಬಂಡಿ ಹಳಿಯ ಮೇಲೆ ಹೋದಂತೆ ತಿರುಗುತ್ತದೆ. ಬಲಕ್ಕೆ ಇದೇ ಕ್ರಮ ತಿರುವುಮುರುವು.

ಮಕ್ಕಳೊಂದಿಗೆ, ಇತರರೊಂದಿಗೆ

ಸಣ್ಣ ಮಕ್ಕಳನ್ನು ಕೂರಿಸಿಕೊಳ್ಳುವುದಾದರೆ ಮುಂದೆ, ನಿಮ್ಮ ಕಾಲುಗಳ ನಡುವೆ ಕೂರಿಸಿ. ಮಗುವಿನ ಕಾಲುಗಳು ಬಂಡಿಯ ಮೇಲೆಯೇ ಇರಲಿ, ಎಳೆಯ ಪಾದ ಜಾರುಪಟ್ಟಿಯ ಅಡಿಗೆ ಸಿಕ್ಕರೆ ಮೂಳೆ ಉಳಿಯುವುದಿಲ್ಲ. ಇನ್ನೊಂದು ಮಾತು: ಭಾರ ಒಂದೂಕಾಲು ಮನುಷ್ಯರದು, ಬ್ರೇಕ್ ಹಾಕುವ ಕಾಲುಗಳು ಮಾತ್ರ ನಿಮ್ಮ ಎರಡೇ. ಒಬ್ಬರೇ ಇಳಿಯುವಾಗಿನ ವೇಗದಲ್ಲಿ ಮಗುವಿನೊಂದಿಗೆ ಇಳಿಯಬೇಡಿ. ಇಬ್ಬರು ದೊಡ್ಡವರು ಒಂದೇ ಬಂಡಿಯಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಹಾದಿಯಲ್ಲಿ ಮುಂದೆ ಇರುವವರಿಗೆ ಆದ್ಯತೆ. ಅವರಿಗೆ ಹಿಂದೆ ಕಣ್ಣಿಲ್ಲ. ದಾಟುವಾಗ ಜಾಗ ಬಿಟ್ಟು, ಮೊದಲೇ ಕೂಗಿ ಎಚ್ಚರಿಸಿ. ಅಲ್ಲಿ ಕೂಗುವ ಪದ ‘ಆಖ್‌ಟುಂಗ್’, ಅಂದರೆ ‘ಹುಷಾರು’; ಹಿಂದಿನಿಂದ ಅದು ಕೇಳಿಸಿದರೆ ತಿರುಗಿ ನೋಡದೆ ನಿಮ್ಮ ದಾರಿಯಲ್ಲೇ ನೇರ ಸಾಗಿ. ನಿಲ್ಲಬೇಕಾದರೆ ಮೇಲಿನಿಂದ ಬರುವವರಿಗೆ ಕಾಣುವಂಥ ನೇರ ಭಾಗದಲ್ಲಿ, ಅಂಚಿನಲ್ಲಿ, ಬಂಡಿಯನ್ನೂ ಹಾದಿಯಿಂದ ಹೊರಗೆಳೆದು ನಿಲ್ಲಿ. ತಿರುವು ಮುಗಿದ ಕೂಡಲೇ ನಿಂತು ಸೆಲ್ಫಿ ತೆಗೆಯುವ ಕುಟುಂಬಗಳನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ.

ಕೆಳಗಿನ ಉಪಾಹಾರ ಗೃಹಗಳಲ್ಲಿ ಮಸಾಲೆ ಹಾಕಿ ಬಿಸಿ ಮಾಡಿದ ವೈನ್ ಸಿಗುತ್ತದೆ. ಕುಡಿಯುವವರು ಅದನ್ನು ದಿನದ ಕೊನೆಯ ಸುತ್ತಿನ ನಂತರಕ್ಕೆ ಇಟ್ಟುಕೊಳ್ಳಲಿ. ನಡುನಡುವೆ ಬಿಸಿ ಚಹಾ, ಡಬ್ಬಿಯಲ್ಲಿ ತಂದ ಚಪಾತಿ ಸುರುಳಿ ಸಾಕು. ಸುಸ್ತಾದ ಕಾಲಿಗೆ ಬ್ರೇಕ್ ಒತ್ತುವ ಶಕ್ತಿ ಇರುವುದಿಲ್ಲವಾದ್ದರಿಂದ ವಿಶ್ರಾಂತಿಯನ್ನು ತಪ್ಪಿಸಬೇಡಿ.

ಹತೋಟಿ ತಪ್ಪಿದರೆ

ಮರವೋ ಮನುಷ್ಯನೋ ಎದುರಿಗಿದ್ದು, ನಿಲ್ಲಲಾಗದು ಎಂದು ಖಚಿತವಾದರೆ ಬಂಡಿಯಿಂದ ಪಕ್ಕಕ್ಕೆ ಹಿಮದೊಳಗೆ ಉರುಳಿಬಿಡಿ. ಹಗ್ಗವನ್ನು ಬಿಡಬೇಡಿ, ಏಕೆಂದರೆ ಬಿಟ್ಟ ಬಂಡಿ ಕೆಳಗಿರುವ ಇನ್ನೊಬ್ಬರ ಬೆನ್ನಿಗೆ ಹೋಗಿ ಬಡಿಯುತ್ತದೆ. ಎದ್ದ ಕೂಡಲೇ ಅಂಚಿಗೆ ಸರಿಯಿರಿ.

ಯಾರಾದರೂ ಗಾಯಗೊಂಡು ಬಿದ್ದಿದ್ದರೆ ಮೊದಲು ಒಬ್ಬರನ್ನು ಮೇಲಿನ ತಿರುವಿಗೆ ಓಡಿಸಿ, ಬರುವವರನ್ನು ನಿಲ್ಲಿಸುವ ಏರ್ಪಾಡು ಮಾಡಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಅಲುಗಾಡಿಸದೆ, ಜಾಕೆಟ್ ಹೊದಿಸಿ ಬೆಚ್ಚಗಿಡಿ. ಸ್ವಿಟ್ಜರ್ಲೆಂಡಿನಲ್ಲಿ ಆಂಬುಲೆನ್ಸ್‌ಗೆ 144, ಹೆಲಿಕಾಪ್ಟರಿನಲ್ಲಿ ಬಂದು ರಕ್ಷಿಸುವ ರೇಗಾ ಸಂಸ್ಥೆಗೆ 1414, ಯಾವ ಸಂಖ್ಯೆಯೂ ನೆನಪಾಗದಿದ್ದರೆ 112. ಕರೆ ಮಾಡಿದಾಗ ಹಾದಿಯ ಹೆಸರು, ಎಲ್ಲಿಂದ ಎಷ್ಟು ದೂರ ಇಳಿದಿದ್ದೀರಿ, ಹತ್ತಿರದ ಸೇತುವೆ ಯಾವುದು ಎಂಬುದನ್ನು ತಿಳಿಸಿ. ಕಣಕಾಲು ಊದಿಕೊಂಡವರು ಬೂಟು ಬಿಚ್ಚದೆ, ಉಳಿದ ಹಾದಿಯನ್ನು ಬಂಡಿಯಲ್ಲಿ ಇಳಿಯದೆ ಸಹಾಯ ಪಡೆಯಬೇಕು.

ಮರಳಿದ ಮೇಲೆ

ಬಾಡಿಗೆ ಬಂಡಿಯಾದರೆ ಹಿಮ ಕೊಡವಿ ಹಿಂತಿರುಗಿಸಿದರಾಯಿತು. ಸ್ವಂತದ್ದಾದರೆ ಮನೆಗೆ ಬಂದ ರಾತ್ರಿಯೇ ಜಾರುಪಟ್ಟಿಯ ಉಕ್ಕನ್ನು ಒಣಬಟ್ಟೆಯಿಂದ ಒರೆಸಿ. ಒಂದೇ ರಾತ್ರಿಯ ತೇವಕ್ಕೆ ತುಕ್ಕು ಕಾಣಿಸಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ನಯವಾದ ಮರಳುಕಾಗದದಿಂದ ಉದ್ದಕ್ಕೆ ಉಜ್ಜಿ, ಮೇಣದ ಬತ್ತಿಯನ್ನು ತುದಿಯಿಂದ ತುದಿಗೆ ತಿಕ್ಕಿ. ಹೀಟರಿನ ಹತ್ತಿರ ಇಟ್ಟರೆ ಮರ ಬಿರಿಯುತ್ತದೆ, ಆದ್ದರಿಂದ ತಣ್ಣನೆಯ ಒಣ ಕೋಣೆಯಲ್ಲಿ ಗೋಡೆಗೆ ತೂಗುಹಾಕಿ. ಬೂಟಿನ ಅಡಿಯನ್ನೂ ಒಮ್ಮೆ ತಿರುಗಿಸಿ ನೋಡಿ: ಒಂದು ಚಳಿಗಾಲದ ಬ್ರೇಕಿಗೆ ಗೀರುಗಳು ಸವೆದಿದ್ದರೆ ಮುಂದಿನ ಹಿಮ ಬೀಳುವ ಮೊದಲೇ ಹೊಸ ಜೋಡಿ ಕೊಳ್ಳಿ.